ಅಡವಿಯ ಋಣ: ಲಿಯೊಪೋಲ್ಡನ ‘ಪಂಚಾಂಗ’ವನ್ನು ಕುರಿತು

೧

ಅರಣ್ಯವನ್ನು ವರ್ಣಿಸುವುದು ಕವಿಗಳಿಗೆ ಹೊಸತಲ್ಲ. ನಮ್ಮ ಪ್ರಾಚೀನ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಶೈಲಕ್ಕೊಂದು, ಋತುವಿಗೊಂದು, ಉದ್ಯಾನಕ್ರೀಡೆಗೊಂದು ಸ್ಥಾನವು ಮೊದಲೇ ನಿಶ್ಚಿತವಾಗಿತ್ತು. ಕವಿಯಾದವನು ತನ್ನ ಶಕ್ತ್ಯನುಸಾರವಾಗಿ ಆ ಸ್ಥಾನಗಳನ್ನು ತುಂಬುತ್ತಿದ್ದನು. ನವೋದಯದ ಕಾಲದಲ್ಲಿ ಈ ವರ್ಣನೆಯು ಕಟ್ಟುಪಾಡನ್ನು ಕಳಚಿ ಅನುಭವದ ಮಾತಾಯಿತು. ಮಲೆನಾಡಿನ ಕಾಡು ಕನ್ನಡದ ಕಥೆಯಲ್ಲಿ ಒಂದು ಪಾತ್ರವಾಗಿಯೇ ಬಂದು ನಿಂತಿತು. ಆದರೆ ವರ್ಣಿಸುವುದು ಬೇರೆ, ಉಳಿಸುವುದು ಬೇರೆ. ಒಂದು ಬರಹವು ಓದುಗನ ಕಣ್ಣನ್ನು ತಣಿಸಿ ಮುಗಿಯಬಹುದು. ಇಲ್ಲವೆ ಅವನ ಮೇಲೆ ಒಂದು ಹೊಣೆಯನ್ನು ಹೊರಿಸಿ ಮುಗಿಯಬಹುದು. ಎರಡನೆಯ ಬಗೆಯ ಅರಣ್ಯಸಾಹಿತ್ಯವು ಯಾವುದರಿಂದ ಹುಟ್ಟುತ್ತದೆ, ಅದರ ಬಲವೆಲ್ಲಿ, ಕೊರತೆಯೆಲ್ಲಿ ಎಂಬುದನ್ನು ಒಂದು ಪ್ರಸಿದ್ಧ ಗ್ರಂಥವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಗ್ರಂಥದ ಹೆಸರು ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’. ‘ಮರಳುಸೀಮೆಯ ಪಂಚಾಂಗ’ ಎಂದು ಅದನ್ನು ಕನ್ನಡಿಸಬಹುದು. ಕರ್ತೃವಾದ ಆಲ್ಡೊ ಲಿಯೊಪೋಲ್ಡನು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೊದಲು ಅರಣ್ಯಾಧಿಕಾರಿಯಾಗಿದ್ದು, ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದವನು. ಪ್ರಕಾಶಕರು ಹಸ್ತಪ್ರತಿಯನ್ನು ಒಪ್ಪಿಕೊಂಡ ಸುದ್ದಿ ಬಂದು ಒಂದು ವಾರವಾಗಿತ್ತು; ೧೯೪೮ರ ಏಪ್ರಿಲ್ ೨೧ರಂದು ನೆರೆಯವರ ಹುಲ್ಲುಗಾವಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋಗಿ, ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡನು. ಮಗನಾದ ಲೂನಾ ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧಪಡಿಸಿದನು. ಗ್ರಂಥವು ೧೯೪೯ರಲ್ಲಿ ಹೊರಬಂದಿತು.

ಅದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಹನ್ನೆರಡು ತಿಂಗಳ ಪಂಚಾಂಗ: ವಿಸ್ಕಾನ್ಸಿನ್ ನದಿಯ ಸಮೀಪದಲ್ಲಿ, ಹಿಂದಿನವರು ಉತ್ತು ಬಡವಾಗಿಸಿ ಬಿಟ್ಟುಹೋದ ಮರಳುನೆಲವನ್ನು ೧೯೩೫ರಲ್ಲಿ ಕೊಂಡು, ಅಲ್ಲಿದ್ದ ಕೋಳಿಗೂಡನ್ನೇ ಗುಡಿಸಲಾಗಿ ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ವರ್ಷವರ್ಷವೂ ಪೈನ್ ಸಸಿಗಳನ್ನು ನೆಟ್ಟ ಸಂಸಾರವೊಂದರ ದಿನಚರಿ. ಎರಡನೆಯದು ಅವನು ಕಂಡ ದೂರದ ಬೆಟ್ಟಗಾಡುಗಳ ಚಿತ್ರಗಳು. ಮೂರನೆಯದು ವಿಚಾರಪ್ರಬಂಧಗಳು. ಪ್ರಸಿದ್ಧಿಯು ಹೆಚ್ಚಾಗಿ ಮೂರನೆಯ ಭಾಗಕ್ಕೆ, ಅದರಲ್ಲಿಯೂ ನೆಲದ ನೀತಿಯನ್ನು ಪ್ರತಿಪಾದಿಸುವ ಕೊನೆಯ ಪ್ರಬಂಧಕ್ಕೆ, ಸಂದಿದೆ. ನಮ್ಮ ಮತದಲ್ಲಿ ಗ್ರಂಥದ ಜೀವವಿರುವುದು ಎರಡನೆಯ ಭಾಗದಲ್ಲಿ. ಅದಕ್ಕೆ ಕಾರಣವನ್ನು ಹೇಳುವ ಮುನ್ನ ಗ್ರಂಥಕರ್ತನ ಉದ್ಯೋಗವನ್ನು ಸ್ವಲ್ಪ ತಿಳಿಯಬೇಕು.

೨

ಲಿಯೊಪೋಲ್ಡನು ಹುಟ್ಟಿದ್ದು ೧೮೮೭ರಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರವನ್ನು ಓದಿ, ೧೯೦೯ರಲ್ಲಿ ಸರ್ಕಾರದ ಅರಣ್ಯ ಇಲಾಖೆಯನ್ನು ಸೇರಿ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ ಪ್ರಾಂತಗಳ ಬೆಟ್ಟಗಾಡಿಗೆ ನೇಮಕವಾದನು. ಆ ಇಲಾಖೆಯಾದರೂ ೧೯೦೫ರಲ್ಲಿ ಹುಟ್ಟಿದ್ದು. ಪ್ರಜೆಗಳೆಲ್ಲರ ಸೊತ್ತಾದ ಕಾಡಿನಿಂದ ಮರವನ್ನೂ ನೀರನ್ನೂ ಮೇವನ್ನೂ ಮಿತವಾಗಿ ಬಳಸಿ, ಮುಂದಿನವರಿಗೂ ಉಳಿಯುವಂತೆ ನೋಡಿಕೊಳ್ಳುವುದು ಅದರ ಧ್ಯೇಯ. ಬಳಕೆಯೇ ಪ್ರಧಾನವಾದ ಈ ಧ್ಯೇಯದೊಳಗೆ, ಏನನ್ನೂ ಮಾಡದೆ ಸುಮ್ಮನೆ ಬಿಡಬೇಕಾದ ಕಾಡಿಗೆ ಸ್ಥಾನವಿರಲಿಲ್ಲ. ಅಷ್ಟರಲ್ಲಿ ಮೋಟಾರು ಗಾಡಿಗಳು ಬಂದವು. ಕಾಡಿನೊಳಕ್ಕೆ ದಾರಿಗಳು ಒಂದರ ಮೇಲೊಂದು ಹರಿದವು.

೧೯೨೧ರಲ್ಲಿ ಲಿಯೊಪೋಲ್ಡನು ವೃತ್ತಿಪತ್ರಿಕೆಯೊಂದರಲ್ಲಿ ಒಂದು ಲೇಖನವನ್ನು ಬರೆದನು. ಸರ್ಕಾರಿ ಅರಣ್ಯಗಳಲ್ಲಿ ಕೆಲವನ್ನಾದರೂ ದಾರಿಯಿಲ್ಲದೆ, ಕಟ್ಟಡವಿಲ್ಲದೆ, ಇದ್ದಂತೆಯೇ ಇರಗೊಡಬೇಕೆಂಬುದು ಅದರ ಸಾರ. ಅಂಥ ಕಾಡು ಎಷ್ಟು ದೊಡ್ಡದಾಗಿರಬೇಕು? ಹೇರುಕುದುರೆಗಳನ್ನು ಕಟ್ಟಿಕೊಂಡು ಹೊರಟವನಿಗೆ ಎರಡು ವಾರಗಳ ಪ್ರಯಾಣಕ್ಕೆ ಸಾಲುವಷ್ಟು ಎಂದು ಅವನು ಅಳತೆ ಹಾಕಿದನು. ಮರುವರ್ಷ ನ್ಯೂ ಮೆಕ್ಸಿಕೊದ ಹೀಲಾ ನದಿಯ ಉಗಮದ ಸುತ್ತಣ ಸೀಮೆಯನ್ನು ಇದಕ್ಕಾಗಿ ಸೂಚಿಸಿ ಯೋಜನೆಯನ್ನು ಒಪ್ಪಿಸಿದನು. ಆಳವಾದ ಕಮರಿಗಳೂ, ೧೧,೦೦೦ ಅಡಿಗಳ ಸಮೀಪಕ್ಕೆ ಏರುವ ಮೊಗೊಯೋನ್ ಪರ್ವತಗಳೂ ಕೂಡಿದ ದುರ್ಗಮ ಪ್ರದೇಶವದು. ೧೯೨೪ರ ಜೂನ್ ೩ರಂದು ಯೋಜನೆಗೆ ಒಪ್ಪಿಗೆ ದೊರೆಯಿತು. ಸುಮಾರು ೭,೫೫,೦೦೦ ಎಕರೆ ಕಾಡು ಹೀಗೆ ಮೀಸಲಾಯಿತು. ಆ ದೇಶದ ಸರ್ಕಾರಿ ಅರಣ್ಯಗಳಲ್ಲಿ ಇಂಥ ಮೀಸಲು ಇದೇ ಮೊದಲನೆಯದು. ಆಜ್ಞೆ ಹೊರಡುವ ಹೊತ್ತಿಗೆ ಲಿಯೊಪೋಲ್ಡನು ವರ್ಗವಾಗಿ ವಿಸ್ಕಾನ್ಸಿನ್ನಿಗೆ ಹೊರಟುಹೋಗಿದ್ದನು.

ಇಲ್ಲಿ ಸಾಹಿತ್ಯವಿಮರ್ಶಕನು ಗಮನಿಸಬೇಕಾದ ಸಂಗತಿಯೊಂದಿದೆ. ಹೀಲಾವನ್ನು ಮೊದಲು ಉಳಿಸಿದ್ದು ಕಾವ್ಯವಲ್ಲ, ಇಲಾಖೆಯ ಒಂದು ಕಡತ. ನಕ್ಷೆ, ಎಕರೆಗಳ ಲೆಕ್ಕ, ಮೇವಿನ ಲೆಕ್ಕ, ಮೇಲಧಿಕಾರಿಯ ರುಜು—ಇವಿಷ್ಟೇ ಅದರ ಸಾಮಗ್ರಿ. ಲಿಯೊಪೋಲ್ಡನ ಗದ್ಯಕ್ಕೆ ಈ ಕಡತದ ಶಿಕ್ಷಣವು ಕೊನೆಯವರೆಗೂ ಅಂಟಿಕೊಂಡಿತು. ಅವನ ಸೌಂದರ್ಯವರ್ಣನೆಯ ಕೆಳಗೆ ಯಾವಾಗಲೂ ಒಂದು ಲೆಕ್ಕ ನಡೆಯುತ್ತಿರುತ್ತದೆ. ಫೆಬ್ರವರಿ ತಿಂಗಳ ಪ್ರಬಂಧವನ್ನೇ ನೋಡಬಹುದು. ಸಿಡಿಲು ಬಡಿದು ಸತ್ತ ಓಕ್ ಮರವನ್ನು ಸೌದೆಗಾಗಿ ಕೊಯ್ಯುತ್ತಾರೆ. ಗರಗಸವು ಒಂದೊಂದು ಬಳೆಯನ್ನು ದಾಟಿದಂತೆ ಕಾಲವು ಒಂದೊಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಯಾವ ವರ್ಷ ಯಾವ ಕೆರೆ ಬತ್ತಿತು, ಯಾವ ವರ್ಷ ಯಾವ ಪಕ್ಷಿಯ ಕೊನೆಯದು ಗುಂಡಿಗೆ ಬಿತ್ತು, ಯಾವ ಶಾಸನವು ಹುಟ್ಟಿತು ಎಂಬುದೆಲ್ಲ ಮರದ ಪುಡಿಯೊಡನೆ ಉದುರುತ್ತದೆ. ನಡುನಡುವೆ ಕೊಯ್ಯುವವರು ದಣಿವಾರಿಸಿಕೊಳ್ಳಲು ನಿಲ್ಲುತ್ತಾರೆ, ಓದುಗನೂ ನಿಲ್ಲುತ್ತಾನೆ. ಎಂಬತ್ತು ವರ್ಷಗಳ ಚರಿತ್ರೆಯನ್ನು ಒಂದು ತುಂಡು ಸೌದೆಯಲ್ಲಿ ಓದಿ ಹೇಳುವ ಈ ಕ್ರಮದಲ್ಲಿ ಅಲಂಕಾರದ ಭಾರವಿಲ್ಲ. ಉಪಮೆಯನ್ನು ಹೊರಗಿನಿಂದ ತರಬೇಕಾಗಿಯೇ ಬಂದಿಲ್ಲ, ವಸ್ತುವೇ ಉಪಮೆಯಾಗಿದೆ.

೩

ಗ್ರಂಥದ ಅತ್ಯಂತ ಸಮರ್ಥವಾದ ಬರಹವೆಂದರೆ ಎರಡನೆಯ ಭಾಗದಲ್ಲಿ ಬರುವ ತೋಳದ ಪ್ರಸಂಗ. ಪರ್ವತದಂತೆ ಯೋಚಿಸುವುದೆಂಬರ್ಥದ ಶೀರ್ಷಿಕೆ ಅದಕ್ಕಿದೆ. ತರುಣ ಅಧಿಕಾರಿಯೂ ಅವನ ಜೊತೆಯವರೂ ಬಂಡೆಯಂಚಿನಲ್ಲಿ ಕುಳಿತು ಊಟ ಮಾಡುತ್ತಿರುತ್ತಾರೆ. ಕೆಳಗೆ ಹೊಳೆಯನ್ನು ದಾಟುತ್ತಿದ್ದ ಪ್ರಾಣಿಯನ್ನು ಮೊದಲು ಜಿಂಕೆಯೆಂದುಕೊಳ್ಳುತ್ತಾರೆ. ದಡಕ್ಕೆ ಬಂದಾಗ ಅದು ತೋಳವೆಂದು ತಿಳಿಯುತ್ತದೆ. ಬೆಳೆದ ಮರಿಗಳು ಅದನ್ನು ಎದುರುಗೊಳ್ಳುತ್ತವೆ. ತೋಳವನ್ನು ಕಂಡು ಗುಂಡು ಹಾರಿಸದಿರುವ ಮಾತೇ ಆ ಕಾಲದಲ್ಲಿ ಇರಲಿಲ್ಲ. ತಾಯಿತೋಳವು ಬೀಳುತ್ತದೆ. ಇಳಿದು ಬಂದು ನೋಡುವಾಗ ಅದರ ಕಣ್ಣಿನಲ್ಲಿ ಒಂದು ಹಸುರು ಬೆಂಕಿ ಆರುತ್ತಿರುವುದು ಕಾಣುತ್ತದೆ. ತೋಳಗಳು ಕಡಮೆಯಾದರೆ ಜಿಂಕೆಗಳು ಹೆಚ್ಚುವುವು, ತೋಳವೇ ಇಲ್ಲದಿದ್ದರೆ ಬೇಟೆಗಾರನಿಗೆ ಅದೇ ಸ್ವರ್ಗ—ಇದು ತರುಣನ ತರ್ಕ. ಪರ್ವತಕ್ಕೆ ಆ ತರ್ಕವು ಒಪ್ಪಿಗೆಯಾಗಲಿಲ್ಲವೆಂಬುದು ಅವನಿಗೆ ಅನೇಕ ವರ್ಷಗಳ ಮೇಲೆ ತಿಳಿಯುತ್ತದೆ. ತೋಳವಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ, ಪೊದೆಯನ್ನೂ ಸಸಿಯನ್ನೂ ಮೇದು ಮುಗಿಸಿ, ಕೊನೆಗೆ ತಾವೇ ಹಸಿವಿನಿಂದ ಸತ್ತು ಎಲುಬಿನ ರಾಶಿಯಾದುವು.

ಈ ಪ್ರಬಂಧದ ಹಿಂದೆ ಒಂದು ಸ್ವಾರಸ್ಯವಾದ ವಿಮರ್ಶೆಯ ಕಥೆಯಿದೆ. ಲಿಯೊಪೋಲ್ಡನು ತನ್ನ ಬರಹಗಳನ್ನು ಶಿಷ್ಯನೂ ಚಿತ್ರಕಾರನೂ ಆದ ಆಲ್ಬರ್ಟ್ ಹೋಕ್‌ಬಾಮನಿಗೆ ಕಳುಹಿಸುತ್ತಿದ್ದನು. ಕಾಡು ಹಾಳಾಯಿತೆಂದು ಗುರುವು ಮರುಗುವುದು ಸರಿ. ಆದರೆ ಹಾಳುಮಾಡಿದವರಲ್ಲಿ ತಾನೂ ಒಬ್ಬನೆಂಬುದನ್ನು ಎಲ್ಲಿಯೂ ಹೇಳಿಲ್ಲವೆಂದು ಶಿಷ್ಯನು ಆಕ್ಷೇಪಿಸಿದನು. ಆಕ್ಷೇಪವು ನ್ಯಾಯವಾದುದು, ಏಕೆಂದರೆ ನ್ಯೂ ಮೆಕ್ಸಿಕೊದಲ್ಲಿದ್ದಾಗ ತೋಳ ಮತ್ತು ಬೆಟ್ಟಸಿಂಹಗಳ ನಿರ್ಮೂಲನಕ್ಕಾಗಿ ಬೇಟೆಗಾರರನ್ನು ಸಂಘಟಿಸಿದವರಲ್ಲಿ ಲಿಯೊಪೋಲ್ಡನೇ ಮುಂದಾಳು. ಗುರುವು ಶಿಷ್ಯನ ಮಾತನ್ನು ಒಪ್ಪಿ ೧೯೪೪ರಲ್ಲಿ ಈ ಪ್ರಬಂಧವನ್ನು ಬರೆದನು. ವಿಮರ್ಶೆಯು ಸಾಹಿತ್ಯಕ್ಕೆ ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸುಲಭವಾಗಿ ಸಿಕ್ಕದು. ಶಿಷ್ಯನ ಆ ಒಂದು ಮಾತಿಲ್ಲದಿದ್ದರೆ ಈ ‘ಪಂಚಾಂಗ’ವು ಅನೇಕ ಸುಂದರ ಪ್ರಕೃತಿಗ್ರಂಥಗಳಲ್ಲಿ ಒಂದಾಗಿ ಉಳಿಯುತ್ತಿತ್ತು.

ಎಸ್ಕುಡಿಯಾ ಪರ್ವತವನ್ನು ಕುರಿತ ಪ್ರಬಂಧವೂ ಇದೇ ಜಾತಿಯದು. ಆ ಬೆಟ್ಟದಲ್ಲಿ ಉಳಿದಿದ್ದುದು ಒಂದೇ ಒಂದು ದೊಡ್ಡ ಕರಡಿ. ಸರ್ಕಾರದ ಬೇಟೆಗಾರನು ಬೋನು ವಿಷಗಳಿಂದ ಸಾಗದೆ, ಕರಡಿ ಮಾತ್ರ ಹಾಯಬಹುದಾದ ಇಕ್ಕಟ್ಟಿನಲ್ಲಿ ಬಂದೂಕನ್ನು ಕಟ್ಟಿ, ಅದರ ಕುದುರೆಗೆ ಹುರಿಯನ್ನು ಹೂಡಿ ಬಿಡುತ್ತಾನೆ. ಕರಡಿಯು ತನ್ನ ಕಾಲಿಂದಲೇ ತನ್ನ ಮೇಲೆ ಗುಂಡು ಹಾರಿಸಿಕೊಳ್ಳುತ್ತದೆ. ಬೇಟೆಗಾರನೂ ಅವನಿಗೆ ಆಜ್ಞೆಯಿತ್ತ ಕಚೇರಿಯೂ ತಮ್ಮ ಕರ್ತವ್ಯವನ್ನೇ ಮಾಡಿದವರು. ಗ್ರಂಥಕರ್ತನು ಯಾರನ್ನೂ ದುಷ್ಟನೆನ್ನುವುದಿಲ್ಲ. ಬೆಟ್ಟವು ಮೊದಲಿದ್ದಲ್ಲಿಯೇ ಇದೆ, ಆದರೆ ಈಗ ಅದನ್ನು ನೋಡಿದವರಿಗೆ ಕರಡಿಯ ನೆನಪು ಬಾರದು ಎಂಬಷ್ಟಕ್ಕೆ ಅವನು ನಿಲ್ಲಿಸುತ್ತಾನೆ. ಕರುಣರಸವನ್ನು ಹಿಂಡಿ ತೆಗೆಯಬಹುದಾಗಿದ್ದ ಸ್ಥಳದಲ್ಲಿ ಸುಮ್ಮನಾಗುವ ಈ ಸಂಯಮವು ನಮ್ಮ ಪ್ರಕೃತಿಲೇಖಕರು ಕಲಿಯತಕ್ಕ ಗುಣ.

ಇನ್ನು ಹೀಲಾ ಏನಾಯಿತೆಂಬುದನ್ನೂ ಹೇಳಬೇಕು. ತೋಳ ಸಿಂಹಗಳು ಅಳಿದಮೇಲೆ ಅಲ್ಲಿಯೂ ಜಿಂಕೆಗಳು ಮಿತಿಮೀರಿದುವು. ಅವನ್ನು ತಗ್ಗಿಸಲು ಬೇಟೆಗಾರರು ಬರಬೇಕು. ಬೇಟೆಗಾರರು ಮೋಟಾರನ್ನು ಬಿಟ್ಟು ದೂರ ನಡೆಯಲೊಲ್ಲರು. ಆದುದರಿಂದ ೧೯೩೦ರ ಸುಮಾರಿಗೆ ಇಲಾಖೆಯೇ ಮೀಸಲು ಕಾಡಿನ ನಡುವೆ ದಾರಿಯನ್ನು ತೆರೆಯಿತು. ಕಾಡು ಎರಡು ಹೋಳಾಯಿತು. ತೋಳವನ್ನು ಕೊಂದ ಗುಂಡೇ ಸುತ್ತಿಬಳಸಿ ಬಂದು ಕಾಡನ್ನು ಸೀಳಿತೆನ್ನಬೇಕು. ಗ್ರಂಥದ ಮೂರನೆಯ ಭಾಗದಲ್ಲಿ ಲಿಯೊಪೋಲ್ಡನು ಈ ಕ್ರಮವನ್ನು ಒಂದು ಸಾಮಾನ್ಯ ನಿಯಮವೆಂಬಂತೆ ಕೆಲವೇ ವಾಕ್ಯಗಳಲ್ಲಿ ವಿವರಿಸುತ್ತಾನೆ. ಆ ವಾಕ್ಯಗಳ ಹಿಂದಿರುವುದು ಅವನದೇ ಹೀಲಾ. ದಾರಿಯ ಪೂರ್ವಕ್ಕೆ ಉಳಿದ ಭಾಗದಲ್ಲಿ ಸುಮಾರು ೨,೦೨,೦೦೦ ಎಕರೆ ಕಾಡಿಗೆ ೧೯೮೦ರಲ್ಲಿ ಅವನ ಹೆಸರನ್ನೇ ಇಟ್ಟರು. ಅಳಿದುಹೋಗಿದ್ದ ಮೆಕ್ಸಿಕೊ ಜಾತಿಯ ತೋಳಗಳನ್ನು ೧೯೯೮ರಲ್ಲಿ ಅವನು ತರುಣನಾಗಿ ಸಂಚರಿಸಿದ ಅರಿಜೋನಾದ ಕಾಡುಗಳಿಗೆ ಮರಳಿ ಬಿಟ್ಟರು.

೪

ಗುಣವನ್ನು ಹೇಳಿದ್ದಾಯಿತು. ಗ್ರಂಥದಲ್ಲಿ ಕೊರತೆಯಿಲ್ಲವೆ? ಇದೆ, ಅದು ಸಣ್ಣದೂ ಅಲ್ಲ.

೧೯೬೪ರ ಸೆಪ್ಟೆಂಬರ್ ೩ರಂದು ಅಮೆರಿಕದಲ್ಲಿ ಅಡವಿಗಳ ಸಂರಕ್ಷಣೆಯ ಶಾಸನವು ಜಾರಿಗೆ ಬಂದಿತು. ಅದರ ಕರಡನ್ನು ಮತ್ತೆ ಮತ್ತೆ ತಿದ್ದಿ ಬರೆದ ಹೋವರ್ಡ್ ಜಾನೈಸರನು ಅದನ್ನು ಕಾಣದೆ ಆ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಿದ್ದನು. ಲಿಯೊಪೋಲ್ಡನು ೧೯೩೫ರಲ್ಲಿ ಸೇರಿ ಕಟ್ಟಿದ ಅಡವಿ ಸಂಘದ ಕಾರ್ಯನಿರ್ವಾಹಕನೇ ಈತ. ಮೊದಲು ೫೪ ಪ್ರದೇಶಗಳ ೯೧ ಲಕ್ಷ ಎಕರೆಗಳಿಗೆ ಅನ್ವಯಿಸಿದ ಶಾಸನವು ಇಂದು ೮೦೦ಕ್ಕೂ ಮಿಕ್ಕ ಪ್ರದೇಶಗಳಿಗೆ, ೧೧ ಕೋಟಿ ಎಕರೆಗಳಿಗೂ ಹೆಚ್ಚಿನ ನೆಲಕ್ಕೆ, ಹಬ್ಬಿದೆ. ಅಡವಿಯನ್ನು ಲಕ್ಷಣೀಕರಿಸುವಾಗ ಜಾನೈಸರನು ಒಂದು ಅಪರೂಪದ ವಿಶೇಷಣವನ್ನು ಆರಿಸಿದನು. ಕುದುರೆಯ ಕಾಲಿಗೆ ಹಾಕುವ ಕಟ್ಟು, ಮೀನಿಗೆ ಒಡ್ಡುವ ಬಲೆ ಎಂಬರ್ಥಗಳಿರುವ ಹಳೆಯ ಶಬ್ದದಿಂದ ಹುಟ್ಟಿದ್ದು ಅದು. ಕಾಲ್ಕಟ್ಟಿಲ್ಲದ ನೆಲವೇ ಅಡವಿ. ಸುಲಭವಾದ ಬೇರೆ ಪದವನ್ನು ಬಳಸೆಂದು ಮಿತ್ರರು ಹೇಳಿದರೂ ಅವನು ಒಪ್ಪಲಿಲ್ಲ. ಶಾಸನದ ಭಾಷೆಯಲ್ಲಿ ಒಂದು ಪದಕ್ಕಾಗಿ ಇಷ್ಟು ಹಟ ಹಿಡಿದುದು ಸಾಹಿತ್ಯದವರು ಮೆಚ್ಚುವ ಸಂಗತಿಯೇ. ಆದರೆ ಅದೇ ಲಕ್ಷಣವಾಕ್ಯದ ಉತ್ತರಾರ್ಧವು ಮನುಷ್ಯನನ್ನು ಬಂದು ಹೋಗುವ ಅತಿಥಿಯನ್ನಾಗಿ ಮಾತ್ರ ಅಲ್ಲಿ ಒಪ್ಪುತ್ತದೆ.

ಅತಿಥಿ ಯಾರು, ಮನೆಯವರು ಯಾರು? ಹೀಲಾದ ಕಮರಿಯೊಂದರ ಗವಿಗಳಲ್ಲಿ ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಜನ ಕಟ್ಟಿಕೊಂಡ ಕಲ್ಲಿನ ಮನೆಗಳು ಇಂದೂ ಇವೆ. ಅವು ೧೯೦೭ರಿಂದ ರಾಷ್ಟ್ರೀಯ ಸ್ಮಾರಕ. ಆಮೇಲೆ ಅದು ಚಿರಿಕಾವಾ ಅಪಾಚೆ ಜನರ ಸೀಮೆ. ಅವರ ನಾಯಕನಾದ ಜೆರೊನಿಮೊ ೧೮೮೬ರಲ್ಲಿ ಶರಣಾದನು. ಅವನ ಜನರನ್ನು ಸೆರೆಯಾಳುಗಳಾಗಿ ದೂರದ ಫ್ಲಾರಿಡಾಕ್ಕೆ ಸಾಗಿಸಿದರು. ಲಿಯೊಪೋಲ್ಡನು ಆ ಪ್ರಾಂತಕ್ಕೆ ಬಂದದ್ದು ಇಪ್ಪತ್ತಮೂರು ವರ್ಷಗಳ ಮೇಲೆ. ಅವನು ಕಂಡ ಬರಿದಾದ ಬೆಟ್ಟಗಾಡು ತಾನಾಗಿ ಬರಿದಾದುದಲ್ಲ, ಬರಿದುಮಾಡಿದ್ದು. ತೋಳದ ಕಣ್ಣಿನ ಬೆಂಕಿಯನ್ನು ಅಷ್ಟು ಚೆನ್ನಾಗಿ ಕಂಡವನು ಈ ಆರಿದ ಒಲೆಗಳನ್ನು ಕಂಡಂತೆ ತೋರುವುದಿಲ್ಲ. ಕಣ್ಣು ಇರಲಿಲ್ಲವೆಂದಲ್ಲ. ಮೆಕ್ಸಿಕೊದ ಗವಿಲಾನ್ ನದಿಯ ಪ್ರಬಂಧದಲ್ಲಿ, ಪುರಾತನ ಜನರು ಮಳೆನೀರು ಮಣ್ಣುಗಳನ್ನು ತಡೆಯಲು ಹಳ್ಳಹಳ್ಳಕ್ಕೂ ಕಟ್ಟಿದ ಕಿರಿಯ ಕಲ್ಲುಕಟ್ಟೆಗಳನ್ನೂ, ಅವುಗಳ ಮೇಲೆ ಇಂದು ಜಿಂಕೆಗಳು ಮಲಗುವುದನ್ನೂ ಪ್ರೀತಿಯಿಂದ ಗುರುತಿಸಿದ್ದಾನೆ. ಸತ್ತು ಶತಮಾನಗಳಾದವರು ಅವನ ಕಾಡಿಗೆ ಸಲ್ಲುತ್ತಾರೆ. ನಿನ್ನೆ ಹೊರದೂಡಲ್ಪಟ್ಟವರು ಸಲ್ಲುವುದಿಲ್ಲ.

ಇದರಿಂದ ಗ್ರಂಥದೊಳಗೆ ಒಂದು ವಿರೋಧ ಹುಟ್ಟಿದೆ. ಕೊನೆಯ ಪ್ರಬಂಧದಲ್ಲಿ ಮನುಷ್ಯನು ನೆಲದ ಒಡೆಯನಲ್ಲ, ಮಣ್ಣು ನೀರು ಗಿಡ ಮೃಗಗಳ ಸಮುದಾಯದಲ್ಲಿ ಸಮಾನನಾದ ಒಬ್ಬ ಸದಸ್ಯ ಎಂದು ಅವನು ವಾದಿಸುತ್ತಾನೆ. ಅಡವಿಗಳನ್ನು ಕುರಿತ ಪ್ರಬಂಧದಲ್ಲಾದರೋ ಅದೇ ಮನುಷ್ಯನು ವಿಹಾರಕ್ಕೋ ಸಂಶೋಧನೆಗೋ ಬಂದು ಹೋಗುವವನು. ಸದಸ್ಯನಾದವನಿಗೆ ಮನೆಯೊಳಗೆ ಮಲಗಲು ಸ್ಥಳವಿಲ್ಲವೆಂದರೆ ಅವನೆಂಥ ಸದಸ್ಯ? ಈ ಪ್ರಶ್ನೆಯನ್ನು ಲಿಯೊಪೋಲ್ಡನು ಎತ್ತಲಿಲ್ಲ. ಅಮೆರಿಕದ ಅಡವಿಯ ಆದರ್ಶವನ್ನು ನಮ್ಮಂಥ ದೇಶಗಳಿಗೆ ತಂದಾಗ ಕಾಡಿನ ಅಂಚಿನ ಬಡವರು ಅದರ ಬೆಲೆ ತೆರಬೇಕಾಗುತ್ತದೆಂದು, ಬೆಂಗಳೂರಿನಲ್ಲಿ ನೆಲಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಅವರು ೧೯೮೯ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಎತ್ತಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಅಲ್ಲಿ ೧೯೭೪ರಲ್ಲಿ ವನ್ಯಧಾಮವಾಯಿತು. ಬೇಸಾಯ ಬೇಟೆಗಳೂ ತರಗಿಗೆ ಬೆಂಕಿಯಿಕ್ಕುವ ಪದ್ಧತಿಯೂ ನಿಂತುವು. ೨೦೧೧ರಲ್ಲಿ ಅದೇ ಕಾಡು ಹುಲಿಗಳ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅದರ ಮೇಲೆ ಸೋಲಿಗರಿಗಿದ್ದ ಸಮುದಾಯದ ಹಕ್ಕನ್ನೂ ೨೦೦೬ರ ಅರಣ್ಯಹಕ್ಕುಗಳ ಕಾಯಿದೆಯ ಮೇರೆಗೆ ಮಾನ್ಯಮಾಡಲಾಯಿತು. ಹುಲಿಗೂ ಮನುಷ್ಯನಿಗೂ ಒಂದೇ ಕಾಡಿನಲ್ಲಿ ಪಾಲು ಬರೆಯುವ ಈ ಪ್ರಯತ್ನವು ಲಿಯೊಪೋಲ್ಡನ ಅಡವಿಯ ಲಕ್ಷಣಕ್ಕೆ ಹೊಂದದು. ಅವನ ನೆಲದ ನೀತಿಗೆ ಹೊಂದುತ್ತದೆ.

೫

ಇಷ್ಟು ಹೇಳಿದಮೇಲೆ ಕನ್ನಡದ ಒಂದು ಗ್ರಂಥವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ‘ಪಂಚಾಂಗ’ಕ್ಕಿಂತ ಆರು ವರ್ಷ ಮೊದಲು, ೧೯೪೩ರಲ್ಲಿ, ಶಿವರಾಮ ಕಾರಂತರ ‘ಬೆಟ್ಟದ ಜೀವ’ ಪ್ರಕಟವಾಯಿತು. ಕುಮಾರಪರ್ವತದ ತಪ್ಪಲಿನ ಕಾಡಿನಲ್ಲಿ ಗೋಪಾಲಯ್ಯನೆಂಬ ವೃದ್ಧನು ಮರ ಕಡಿದು, ನೀರು ತಿರುಗಿಸಿ, ಕಾಡುಮೃಗಗಳ ಕಾಟವನ್ನು ಸಹಿಸಿ ತೋಟವನ್ನು ಎಬ್ಬಿಸಿದ ಕಥೆ ಅದು. ಲಿಯೊಪೋಲ್ಡನಲ್ಲಿ ಕಾಡು ಉಳಿಯುತ್ತದೆ, ಮನುಷ್ಯನು ಹೊರಟುಹೋಗುತ್ತಾನೆ. ಕಾರಂತರಲ್ಲಿ ಮನುಷ್ಯನು ಉಳಿಯುತ್ತಾನೆ, ಕಾಡು ಹಿಂದೆ ಸರಿಯುತ್ತದೆ. ಗೋಪಾಲಯ್ಯನಿಗೆ ಬೆಟ್ಟವೆಂದರೆ ನೋಡುವ ವಸ್ತುವಲ್ಲ, ಜೊತೆಗೆ ಸೆಣಸಿ ಜೊತೆಗೇ ಮುದಿಯಾಗುವ ಸಂಗಾತಿ. ಅವನ ಮಾತಿನಲ್ಲಿ ತೋರುವ ಆ ನಂಟು ಲಿಯೊಪೋಲ್ಡನ ಕಾಡಿನಲ್ಲಿ ಇಲ್ಲ. ಆದರೆ ಕಡಿದ ಮರಕ್ಕೆ ಯಾರಾದರೂ ಲೆಕ್ಕ ಕೊಡಬೇಕೆಂಬ ಕಳವಳ ಗೋಪಾಲಯ್ಯನಿಗೆ ಇಲ್ಲ. ೧೯೪೩ರ ಕಾಡು ಅಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆ ಕಳವಳವನ್ನು ಕಾರಂತರು ಆಮೇಲೆ ತಾವೇ ಹೊತ್ತರು. ವೃದ್ಧಾಪ್ಯದಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು.

ಆ ಕುಮಾರಪರ್ವತವು ಈಗ ಪುಷ್ಪಗಿರಿ ವನ್ಯಧಾಮದೊಳಗಿದೆ. ೨೦೧೨ರಿಂದ ಪಶ್ಚಿಮಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಪುಷ್ಪಗಿರಿಯೂ ಒಂದು. ೨೦೨೪ರ ಜನವರಿಯಲ್ಲಿ ಆ ಬೆಟ್ಟವನ್ನೇರಲು ಜಾತ್ರೆಯಂತೆ ಜನ ಸೇರಿದ ದೃಶ್ಯವು ನಾಡೆಲ್ಲ ಹರಡಿ, ಮುಂಗಡವಾಗಿ ಹೆಸರು ಬರೆಸದವರಿಗೆ ಚಾರಣವನ್ನು ತಡೆಯಬೇಕಾಯಿತು. ಕಾಡನ್ನು ಪ್ರೀತಿಸುವವನು ಅದನ್ನು ಕಾಣಬಯಸುತ್ತಾನೆ. ಕಾಣಬಯಸುವವರು ಬಹಳವಾದರೆ ಪ್ರೀತಿಸಲು ಕಾಡೇ ಉಳಿಯುವುದಿಲ್ಲ. ಜೌಗುನೆಲದ ಕೊಕ್ಕರೆಗಳನ್ನು ಕುರಿತ ಪ್ರಬಂಧದಲ್ಲಿ ಲಿಯೊಪೋಲ್ಡನು ಈ ತೊಡಕನ್ನು ಹೇಳಿದ್ದಾನೆ, ಪರಿಹಾರವನ್ನು ಹೇಳಿಲ್ಲ. ಎರಡು ವಾರಗಳ ಪ್ರಯಾಣವೆಂಬ ಅವನ ಅಳತೆ ನಮ್ಮ ಬೆಟ್ಟಗಳಿಗೆ ಒದಗದು. ನಮ್ಮಲ್ಲಿ ಅಷ್ಟು ನೆಲವೂ ಇಲ್ಲ, ಜನರಿಲ್ಲದ ನೆಲವೂ ಇಲ್ಲ. ಕೊಡಗಿನ ದೇವರಕಾಡುಗಳಂತೆ, ಊರಿಗೆ ಸೇರಿದ್ದೂ ಊರು ಮುಟ್ಟದ ಕಾಡೆಂಬ ಕಲ್ಪನೆಯೊಂದು ನಮ್ಮವರಿಗೆ ಹಿಂದಿನಿಂದಲೂ ಇದೆ. ನಮ್ಮ ಅಳತೆಯನ್ನು ಅಂಥ ಕಡೆ ಹುಡುಕಬೇಕು.

ಹಾಗಾದರೆ ಈ ಗ್ರಂಥದಿಂದ ನಾವು ತೆಗೆದುಕೊಳ್ಳತಕ್ಕದ್ದೇನು? ಅವನ ಅಡವಿಯ ಲಕ್ಷಣವನ್ನಲ್ಲ, ಅವನ ಲೆಕ್ಕ ಒಪ್ಪಿಸುವ ಕ್ರಮವನ್ನು. ಇಂದಿನ ಪತ್ರಿಕೆಗಳಲ್ಲಿ ಬರುವ ಚಾರಣದ ಬರಹಗಳನ್ನು ನೋಡಿದರೆ ಮಂಜು, ಸೂರ್ಯೋದಯ, ಶೋಲಾಕಾಡಿನ ಹಸುರು, ಕಾಲಿಗೆ ಹತ್ತಿದ ಜಿಗಣೆ—ಇವು ಹೊಸ ಅಷ್ಟಾದಶ ವರ್ಣನೆಗಳಾಗಿ ಗಟ್ಟಿಗೊಳ್ಳುತ್ತಿವೆ. ಹತ್ತಿದವನ ಆನಂದವು ಅಲ್ಲಿ ಪುಟ ತುಂಬ ಇರುತ್ತದೆ. ಆ ಕಾಡು ಯಾವ ವರ್ಷ ಯಾರ ಕೈಯಿಂದ ಯಾರ ಕೈಗೆ ಬಂದಿತು, ಅಲ್ಲಿಂದ ಯಾವ ಪ್ರಾಣಿ ಹೋಯಿತು, ಯಾವ ಹಾಡಿಯವರು ಎಬ್ಬಿಸಲ್ಪಟ್ಟರು, ಕೆಳಗಿನ ಯಾವ ಗದ್ದೆಗೆ ಅದರ ನೀರು ಹರಿಯುತ್ತದೆ ಎಂಬುದು ಒಂದು ಸಾಲೂ ಇರುವುದಿಲ್ಲ. ನಮ್ಮ ಜಿಲ್ಲೆಯ ತರುಣ ಲೇಖಕರು ಒಂದೊಂದು ಬೆಟ್ಟವನ್ನು ಹಿಡಿದು, ಅದರ ಮರಗಳ ಲೆಕ್ಕವನ್ನೂ ಮನುಷ್ಯರ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯಲಿ. ಅಂಥ ಬರಹದಲ್ಲಿ ಲಿಯೊಪೋಲ್ಡನಿಂದ ಬಿಟ್ಟುಹೋದ ಪಾಲೂ, ಗೋಪಾಲಯ್ಯನು ಎಣಿಸದ ಪಾಲೂ ಒಟ್ಟಿಗೆ ಬರಲು ಸಾಧ್ಯ. ಅದಕ್ಕೆ ಪೂರ್ವಸಿದ್ಧತೆಯಾಗಿ ‘ಪಂಚಾಂಗ’ದಲ್ಲಿನ ಓಕ್ ಮರದ, ತೋಳದ, ಕರಡಿಯ ಪ್ರಬಂಧಗಳನ್ನಾದರೂ ಸಂಘದ ಸದಸ್ಯರು ಓದಿ ಚರ್ಚಿಸಬೇಕೆಂದು ನಮ್ಮ ವಿನಂತಿ.